ಗ್ಲಾಸ್ಗೋ ನಗರದ ಚೂರಿಕಾಳಗವೂ ಅದರ ಶಮನೋಪಾಯವೂ

ಸ್ಕಾಟ್ಲೆಂಡ್ ದೇಶದಲ್ಲಿ ಕ್ಲೈಡ್ ನದಿಯ ದಡದಲ್ಲಿರುವ ಗ್ಲಾಸ್ಗೋ ನಗರವು ಹಡಗು ಕಟ್ಟುವ ಕೈಗಾರಿಕೆಯಿಂದ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದಿತು. ಆ ಖ್ಯಾತಿಯ ಬೆನ್ನಿಗೇ ಒಂದು ಅಪಖ್ಯಾತಿಯೂ ಅದಕ್ಕೆ ಅಂಟಿಕೊಂಡಿತು. ಅಲ್ಲಿಯ ಬಡಕೇರಿಗಳ ತರುಣರು ಓಣಿಗೊಂದು ಗುಂಪು ಕಟ್ಟಿಕೊಂಡು ಪರಸ್ಪರ ಕಾದಾಡುತ್ತಿದ್ದರು. 1930ರ ಸುಮಾರಿಗೆ ಹಡಗುಕಟ್ಟೆಗಳಲ್ಲಿ ಕೆಲಸ ನಿಂತು ಸಾವಿರಾರು ಮಂದಿ ನಿರುದ್ಯೋಗಿಗಳಾಗಲು ಈ ಕಲಹವು ಉಗ್ರವಾಯಿತು. 'ಬಿಲ್ಲಿ ಬಾಯ್ಸ್' ಎಂಬುದು ಪ್ರಾಟೆಸ್ಟೆಂಟರ ಗುಂಪು. 'ನಾರ್ಮನ್ ಕಾಂಕ್ಸ್' ಎಂಬುದು ಕ್ಯಾಥೊಲಿಕರದು. ಕೇರಿಯ ಹಗೆಗೆ ಮತದ ಹಗೆಯೂ ಕೂಡಿತು. ಕ್ಷೌರದ ಕತ್ತಿಯೇ ಆಯುಧವಾಯಿತು.

1931ರಲ್ಲಿ ಪರ್ಸಿ ಸಿಲಿಟೋ ಎಂಬಾತನು ಅಲ್ಲಿಯ ಪೊಲೀಸ್ ಮುಖ್ಯಾಧಿಕಾರಿಯಾಗಿ ಬಂದನು. ಷೆಫೀಲ್ಡ್ ನಗರದಲ್ಲಿ ಇಂಥ ಗುಂಪುಗಳನ್ನು ಮುರಿದು ಹೆಸರಾದವನು. ನಮ್ಮ ನೀತಿಶಾಸ್ತ್ರಕಾರರು ಹೇಳಿದ ಚತುರುಪಾಯಗಳಲ್ಲಿ ಆತನು ನೆಚ್ಚಿದ್ದು ಕಡೆಯದನ್ನು. ದಂಡಕ್ಕೆ ಹೆದರಿ ಗುಂಪುಗಳು ಅಡಗಿದುವು, ಅಳಿಯಲಿಲ್ಲ. ಯುದ್ಧಾನಂತರ ಸರ್ಕಾರವು ಹಳೆಯ ಕೇರಿಗಳ ಜನರನ್ನು ಊರ ಹೊರಗಿನ ಈಸ್ಟರ್‌ಹೌಸ್ ಮೊದಲಾದ ಹೊಸ ಬಡಾವಣೆಗಳಿಗೆ ಸಾಗಿಸಿತು. ಮನೆಗಳೇನೋ ಹೊಸವು, ಕಾಳಗವು ಮಾತ್ರ ಹಳೆಯದೇ. 1968ರಲ್ಲಿ ಫ್ರಾಂಕಿ ವಾನ್ ಎಂಬ ಗಾಯಕನು ಅಲ್ಲಿಗೆ ಹೋಗಿ ಬೇಡಿಕೊಂಡಾಗ ತರುಣರು ಆಯುಧಗಳನ್ನು ತಂದೊಪ್ಪಿಸಿದರು. ಸಾಮದಿಂದಲೂ ಕೆಲಸವಾಗಬಲ್ಲುದೆಂಬುದಕ್ಕೆ ಅದೊಂದು ನಿದರ್ಶನವೇ ಸರಿ. ಆದರೆ ಉತ್ಸಾಹವು ಬಹುಕಾಲ ನಿಲ್ಲಲಿಲ್ಲ.

2004–05ನೆಯ ವರ್ಷದಲ್ಲಿ, ಐವತ್ತು ಲಕ್ಷ ಜನರಿರುವ ಆ ಸಣ್ಣ ದೇಶದಲ್ಲಿ ನೂರಮೂವತ್ತಕ್ಕೆ ಮೇಲ್ಪಟ್ಟು ಕೊಲೆಗಳಾದುವು. 2005ರ ಜನವರಿಯಲ್ಲಿ ಆ ಪ್ರಾಂತದ ಪೊಲೀಸ್ ಇಲಾಖೆಯು ಹಿಂಸಾನಿವಾರಣೆಗೆಂದೇ ಒಂದು ಪ್ರತ್ಯೇಕ ಘಟಕವನ್ನು ಸ್ಥಾಪಿಸಿತು. ಮರುವರ್ಷ ಅದರ ಕಾರ್ಯಕ್ಷೇತ್ರವು ಇಡೀ ಸ್ಕಾಟ್ಲೆಂಡಿಗೆ ವಿಸ್ತರಿಸಿತು. ಜಾನ್ ಕಾರ್ನೊಕನ್ ಎಂಬ ಪತ್ತೇದಾರಿ ಅಧಿಕಾರಿಯೂ, ಮೊದಲು ದಾದಿಯಾಗಿದ್ದ ಕ್ಯಾರಿನ್ ಮೆಕ್‌ಲಸ್ಕಿ ಎಂಬಾಕೆಯೂ ಅದರ ಪ್ರವರ್ತಕರು. ಆಸ್ಪತ್ರೆಗೆ ಬಂದ ಗಾಯಾಳುಗಳಲ್ಲಿ ಅನೇಕರು ಪೊಲೀಸರ ಲೆಕ್ಕಕ್ಕೇ ಬಂದಿರಲಿಲ್ಲವೆಂಬುದನ್ನು ಇವರು ಮನಗಂಡರು. ಹಿಂಸೆಯು ಅಪರಾಧವಷ್ಟೇ ಅಲ್ಲ, ವ್ಯಾಧಿಯೂ ಹೌದು ಎಂಬುದೇ ಇವರ ಸಿದ್ಧಾಂತ. ಇದಕ್ಕೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ವರದಿಯ ಆಧಾರವಿದ್ದಿತು. ನಿದಾನವನ್ನರಿಯದೆ ಚಿಕಿತ್ಸೆಗೆ ತೊಡಗಬಾರದೆಂಬ ವೈದ್ಯಶಾಸ್ತ್ರದ ಮಾತು ವಾಚಕರಿಗೆ ಹೊಸದಲ್ಲ. ಸಾವಿರ ಮಂದಿ ಪೊಲೀಸರಿಗಿಂತ, ಹಸುಗೂಸುಗಳಿರುವ ಮನೆಗಳಿಗೆ ಹೋಗಿಬರುವ ಸಾವಿರ ದಾದಿಯರೇ ಮೇಲೆಂಬುದು ಕಾರ್ನೊಕನ್ನನ ಅಭಿಪ್ರಾಯವಾಗಿದ್ದಿತು. ಪೊಲೀಸ್ ಅಧಿಕಾರಿಯ ಬಾಯಿಂದ ಇಂಥ ಮಾತು ಬರುವುದು ಅಪೂರ್ವ.

ಹಾಗೆಂದು ದಂಡವನ್ನು ಇವರು ಕೈಬಿಡಲಿಲ್ಲ. 2006ರ ಶಾಸನದಿಂದ ಚೂರಿ ಇಟ್ಟುಕೊಂಡು ತಿರುಗುವುದಕ್ಕೆ ವಿಧಿಸಬಹುದಾದ ಪರಮಾವಧಿ ಶಿಕ್ಷೆಯು ಎರಡು ವರ್ಷಗಳಿಂದ ನಾಲ್ಕು ವರ್ಷಗಳಿಗೇರಿತು. ಇನ್ನೊಂದು ಉಪಾಯವನ್ನು ಅಮೆರಿಕದಿಂದ ತಂದರು: ಬಾಸ್ಟನ್ ನಗರದಲ್ಲಿ 1996ರಲ್ಲಿ ಗುಂಪಿನ ತರುಣರನ್ನು ಕರೆಸಿ ನೇರವಾಗಿ ಮಾತನಾಡುವ ಪದ್ಧತಿಯು ಆರಂಭವಾಗಿದ್ದಿತು. ಅದರಂತೆ 2008ರ ಅಕ್ಟೋಬರಿನಲ್ಲಿ ಗ್ಲಾಸ್ಗೋ ನ್ಯಾಯಾಲಯದಲ್ಲಿ ಪರಸ್ಪರ ವೈರಿಗಳಾದ ಗುಂಪುಗಳ ತರುಣರು ಒಂದೆಡೆ ಸೇರಿದರು. ಅವರು ಆಪಾದಿತರಾಗಿ ಬಂದವರಲ್ಲ, ಆಹ್ವಾನಿತರು. ಒಬ್ಬನು ತಪ್ಪಿದರೆ ಗುಂಪನ್ನೆಲ್ಲ ಬೆನ್ನಟ್ಟುವೆವೆಂದು ಪೊಲೀಸರು ಎಚ್ಚರಿಸಿದರು. ಚೂರಿಯ ಇರಿತವು ದೇಹಕ್ಕೆ ಮಾಡುವ ಹಾನಿಯನ್ನು ಶಸ್ತ್ರವೈದ್ಯರು ಬಣ್ಣಿಸಿದರು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಎದ್ದು ನಿಂತು ಮಾತನಾಡಿದಳು. ಪೊಲೀಸರಿಗೆ ಮಣಿಯದ ಎದೆಗಳು ಆ ತಾಯಿಯ ಮುಂದೆ ಕರಗಿದುವು. ಕಡೆಯಲ್ಲಿ ಒಂದು ದೂರವಾಣಿ ಸಂಖ್ಯೆಯನ್ನು ಕೊಟ್ಟರು. ಕಾಳಗ ಬಿಡುವೆನೆಂದು ಒಪ್ಪಿದವನಿಗೆ ವಿದ್ಯೆ, ಉದ್ಯೋಗ, ವ್ಯಸನಮುಕ್ತಿ, ಇವುಗಳಿಗೆ ದಾರಿ ತೋರುವ ಭಾರವು ಅಧಿಕಾರಿಗಳದಾಯಿತು. ಸಿಲಿಟೋವಿನ ಕಾಲದಲ್ಲಿ ಇಲ್ಲದಿದ್ದುದು ಈ ತೆರೆದ ಬಾಗಿಲೇ.

ಫಲವೇನಾಯಿತು? ಯೋಜನೆಗೆ ಸೇರಿದ ತರುಣರಲ್ಲಿ ಆಯುಧ ಧಾರಣೆಯ ಅಪರಾಧವು ಎರಡು ವರ್ಷಗಳಲ್ಲಿ ನೂರಕ್ಕೆ 84ರಷ್ಟು ತಗ್ಗಿತು. ಸೇರದವರಲ್ಲಿಯೂ 40ರಷ್ಟು ತಗ್ಗಿದ್ದಿತು. ಹೊಡೆದಾಟದ ವಿಷಯದಲ್ಲಿ ಇಬ್ಬರಿಗೂ ಅಷ್ಟು ಸ್ಪಷ್ಟವಾದ ಅಂತರ ಕಾಣಲಿಲ್ಲ. ಆದುದರಿಂದ ಕೀರ್ತಿಯೆಲ್ಲವನ್ನೂ ಈ ಒಂದು ಸಭೆಗೇ ಸಲ್ಲಿಸುವುದು ಅತಿಶಯೋಕ್ತಿಯಾದೀತು. 2011ರಲ್ಲಿ ಆ ಯೋಜನೆಯು ಮುಗಿಯಿತು. ಆದರೂ 2022–23ರಲ್ಲಿ ದೇಶದ ಕೊಲೆಗಳ ಸಂಖ್ಯೆಯು 52ಕ್ಕಿಳಿಯಿತು. 1976ರಿಂದ ಆ ವರ್ಷದವರೆಗೆ ಅದು ಇಷ್ಟು ಕಡಿಮೆಯಾಗಿರಲಿಲ್ಲ.

ಘಟಕದ ಕೆಲಸವು ಬೇರೆ ರೂಪದಲ್ಲಿ ಮುಂದುವರಿಯಿತು. 2015ರಿಂದ ಗ್ಲಾಸ್ಗೋವಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ 'ನ್ಯಾವಿಗೇಟರ್' ಎಂಬ ಕಾರ್ಯಕರ್ತರು ನೇಮಕಗೊಂಡರು. ಇರಿತಕ್ಕೊಳಗಾಗಿ ಬಂದವನ ಗಾಯಕ್ಕೆ ವೈದ್ಯರು ಹೊಲಿಗೆ ಹಾಕಿದ ಮೇಲೆ, ಇವರು ಮಂಚದ ಪಕ್ಕದಲ್ಲಿ ಕುಳಿತು, ಇಲ್ಲಿಂದ ಎಲ್ಲಿಗೆ ಹೋಗುವೆ ಎಂದು ವಿಚಾರಿಸುತ್ತಾರೆ.