ಮೇಲಕ್ಕೇಳುವ ಕಾರಿನ ಬಾಗಿಲು

ಮುಂದಿನ ಕೀಲಿನ ಮೇಲೆ ತಿರುಗಿ ಕತ್ತರಿಯಂತೆ ಮೇಲಕ್ಕೇಳುವ ಬಾಗಿಲು 1968ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ಇಟಲಿಯ ಬೆರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂಡಿನಿ ರೂಪಿಸಿದ ಆ ಹಸಿರು ಕಾರು, ಆಲ್ಫಾ ರೋಮಿಯೊ ಕರಾಬೊ, ಮಾರುಕಟ್ಟೆಗೆ ಬರಲೇ ಇಲ್ಲ. ಬಾಗಿಲು ಮಾತ್ರ ಉಳಿಯಿತು. 1954ರ ಮರ್ಸಿಡಿಸ್ 300 ಎಸ್‌ಎಲ್‌ನ ರೆಕ್ಕೆಬಾಗಿಲನ್ನು ಇದರೊಡನೆ ಬೆರೆಸುವವರಿದ್ದಾರೆ. ಅದರ ಕೀಲು ಇರುವುದು ಚಾವಣಿಯಲ್ಲಿ.

1971ರಲ್ಲಿ ಜಿನೀವಾದಲ್ಲಿ ಕಾಣಿಸಿಕೊಂಡು 1974ರಿಂದ ಮಾರಾಟವಾದ ಲ್ಯಾಂಬೊರ್ಗಿನಿ ಕೌಂಟಾಶ್‌ಗೂ ಗಾಂಡಿನಿ ಇದೇ ಬಾಗಿಲನ್ನು ಕೊಟ್ಟರು. ಅದು ಬರೀ ಶೋಕಿಯಲ್ಲ. ಆ ಅಗಲ ಕಾರಿನಲ್ಲಿ ಕೂತವರಿಗೆ ಹಿಂಬದಿ ಕಾಣುತ್ತಿದ್ದುದೇ ಅಪರೂಪ. ರಿವರ್ಸ್ ಹೋಗಬೇಕಾದಾಗ ಚಾಲಕ ಬಾಗಿಲೆತ್ತಿ, ಅಗಲವಾದ ಅಂಚುಪಟ್ಟಿಯ ಮೇಲೆ ಕುಳಿತು, ಅರ್ಧ ಮೈ ಹೊರಗೆ ಚಾಚಿ, ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಸ್ಟೀರಿಂಗ್ ತಿರುಗಿಸುತ್ತಿದ್ದ. ಕೋಟಿ ಬೆಲೆಯ ಕಾರಿನಲ್ಲಿ ಎತ್ತಿನಗಾಡಿಯ ಭಂಗಿ!

ಈ ಶತಮಾನದ ಆರಂಭದ ವರ್ಷಗಳಲ್ಲಿ ಅಮೆರಿಕದ ಮಾಡಿಫಿಕೇಶನ್ ಹುಚ್ಚು ಈ ಬಾಗಿಲನ್ನು ಸಾಮಾನ್ಯ ಕಾರುಗಳಿಗೂ ತಂದಿತು. ಹೀಗೆ ಬಾಗಿಲು ಬದಲಿಸಲು ಸಿಗುವ ಕಿಟ್‌ನಲ್ಲಿ ಮುಖ್ಯವಾಗಿ ಇರುವುದು ದಪ್ಪ ಉಕ್ಕಿನ ಕೀಲು ಮತ್ತು ಭಾರ ಹೊರುವ ಗ್ಯಾಸ್ ಸ್ಟ್ರಟ್. ಆಯಾ ಮಾಡೆಲ್‌ಗೆಂದೇ ಮಾಡಿದ ಕಿಟ್ ಹಳೆಯ ಕೀಲಿನ ಜಾಗಕ್ಕೆ ಬೋಲ್ಟ್ ಆಗುತ್ತದೆ. ಎಲ್ಲಕ್ಕೂ ಸಲ್ಲುವಂಥದ್ದಕ್ಕೆ ವೆಲ್ಡಿಂಗ್ ಬೇಕು, ಅಳತೆ ತಪ್ಪಿದರೆ ಮಳೆನೀರು ಒಳಗೆ. ಬಾಗಿಲು ಮೊದಲು ತುಸು ಹೊರಕ್ಕೆ ಸರಿದು ಆಮೇಲೆ ಏಳುವುದರಿಂದ ಫೆಂಡರ್‌ನ ಒಳಅಂಚನ್ನು ಕತ್ತರಿಸಬೇಕಾಗಬಹುದು, ಪವರ್ ವಿಂಡೋ ತಂತಿಗಳನ್ನು ಉದ್ದ ಮಾಡಬೇಕಾಗಬಹುದು. ವರ್ಷ ಕಳೆದಂತೆ ಸ್ಟ್ರಟ್‌ನ ಗ್ಯಾಸ್ ಇಳಿದರೆ ಎತ್ತಿದ ಬಾಗಿಲು ಮೆಲ್ಲಗೆ ಕೆಳಗಿಳಿಯುತ್ತದೆ.