ಮಾರ್ಗರೆಟ್ ಕಸಿನ್ಸ್ ಮತ್ತು ಭಾರತದಲ್ಲಿ ಸ್ತ್ರೀಮತಾಧಿಕಾರ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕಸಿನ್ಸ್ ಎಂಬ ಹೆಸರು ಅಪರಿಚಿತವಲ್ಲ. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು, ತಮ್ಮಲ್ಲಿಗೆ ಇಂಗ್ಲಿಷ್ ಕವನಗಳನ್ನು ಹಿಡಿದು ಬಂದ ವಿದ್ಯಾರ್ಥಿಯೊಬ್ಬನಿಗೆ ಮಾತೃಭಾಷೆಯಲ್ಲಿಯೇ ಬರೆಯುವಂತೆ ಹೇಳಿದುದೂ ಆ ತರುಣನೇ ಮುಂದೆ ಕುವೆಂಪು ಎಂದು ಪ್ರಸಿದ್ಧನಾದುದೂ ನಮ್ಮಲ್ಲಿ ಮತ್ತೆ ಮತ್ತೆ ಕೇಳಿಬರುವ ಸಂಗತಿ. ಆ ಕವಿಯ ಪತ್ನಿ ಮಾರ್ಗರೆಟ್ ಕಸಿನ್ಸರ ವಿಷಯ ಹಾಗಲ್ಲ. ೧೯೧೯ರಲ್ಲಿ ಮದನಪಲ್ಲಿಗೆ ರವೀಂದ್ರರು ಬಂದಾಗ ‘ಜನಗಣಮನ’ದ ಧಾಟಿಯನ್ನು ಸ್ವರಲಿಪಿಗೆ ಇಳಿಸಿದವರೆಂದು ಒಂದು ವಾಕ್ಯದಲ್ಲಿ ಅವರ ಪ್ರಸ್ತಾಪ ಮುಗಿದುಹೋಗುವುದು ವಾಡಿಕೆ. ಆದರೆ ಭಾರತದ ಸ್ತ್ರೀಯರಿಗೂ ಮತಾಧಿಕಾರ ಬೇಕೆಂದು ೧೯೧೭ರಲ್ಲಿ ಬ್ರಿಟಿಷ್ ಸರ್ಕಾರದ ಮಂತ್ರಿಯ ಮುಂದೆ ನಿಂತ ನಿಯೋಗವನ್ನು ಕಟ್ಟಿದವರು ಈಕೆಯೇ.

ಈಕೆಯ ಸ್ಥಾನವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ನಮ್ಮ ಸ್ತ್ರೀಯರಿಗೆ ಮತಾಧಿಕಾರದ ಕಲ್ಪನೆಯನ್ನು ತಂದುಕೊಟ್ಟವರೇ ಕಸಿನ್ಸರು ಎಂಬುದು ಒಂದು. ಅದು ಅಡ್ಯಾರಿನ ಥಿಯಾಸಫಿಸ್ಟರು ಇಲ್ಲಿ ನೆಟ್ಟ ವಿಲಾಯಿತಿ ಸಸಿ ಎಂಬುದು ಮತ್ತೊಂದು. ಎರಡರಲ್ಲಿಯೂ ಆತುರವಿದೆಯೆಂದು ನನಗೆ ತೋರುತ್ತದೆ. ಐರ್ಲೆಂಡಿನಲ್ಲಿ ಕಲ್ಲೆಸೆದು ಸೆರೆಮನೆಗೆ ಹೋದ ಈ ಮಹಿಳೆ ಇಲ್ಲಿ ಅದೇ ಬೇಡಿಕೆಗಾಗಿ ಒಂದು ಕಲ್ಲನ್ನೂ ಎತ್ತಬೇಕಾಗಲಿಲ್ಲ. ಏಕೆ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಆಕೆಯ ಸ್ಥಾನವೂ ನಮ್ಮ ಮತಾಧಿಕಾರದ ಸ್ವರೂಪವೂ ಒಟ್ಟಿಗೆ ತಿಳಿಯಾಗುತ್ತವೆ.

ಮಾರ್ಗರೆಟ್ ಗಿಲೆಸ್ಪಿ ಜನಿಸಿದ್ದು ೧೮೭೮ರಲ್ಲಿ, ಐರ್ಲೆಂಡಿನ ರಾಸ್‌ಕಾಮನ್ ಪ್ರಾಂತದ ಬಾಯ್ಲ್ ಎಂಬ ಊರಿನಲ್ಲಿ. ಡಬ್ಲಿನ್ನಿನಲ್ಲಿ ಸಂಗೀತವನ್ನು ಅಭ್ಯಾಸಮಾಡಿ ಪದವಿ ಪಡೆದರು. ೧೯೦೩ರಲ್ಲಿ ಜೇಮ್ಸ್ ಕಸಿನ್ಸರನ್ನು ವಿವಾಹವಾದರು. ೧೯೦೮ರಲ್ಲಿ ಹನ್ನಾ ಷೀಹಿ ಸ್ಕೆಫಿಂಗ್ಟನ್ನರೊಡನೆ ಸೇರಿ ಐರಿಷ್ ಸ್ತ್ರೀಮತಾಧಿಕಾರ ಸಂಘವನ್ನು ಸ್ಥಾಪಿಸಿದರು. ೧೯೧೦ರಲ್ಲಿ ಲಂಡನ್ನಿನ ಪ್ರತಿಭಟನೆಯಲ್ಲಿ ಭಾಗವಹಿಸಿ ಹಾಲೋವೆ ಸೆರೆಮನೆಯಲ್ಲಿ ಒಂದು ತಿಂಗಳು ಕಳೆದರು. ೧೯೧೩ರಲ್ಲಿ ಡಬ್ಲಿನ್ ಕೋಟೆಯ ಕಿಟಕಿಗಳನ್ನು ಒಡೆದು ಟುಲ್ಲಮೋರ್ ಸೆರೆಮನೆಯಲ್ಲಿ ಉಪವಾಸ ಹೂಡಿದರು.

ಈ ಉಗ್ರತೆಗೆ ಕಾರಣವಿತ್ತು. ೧೯೧೨ರಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆ ಪಾರ್ಲಿಮೆಂಟಿಗೆ ಬಂದಾಗ ಅದರಲ್ಲಿ ಸ್ತ್ರೀಯರಿಗೆ ಮತವಿರಲಿಲ್ಲ. ಅದೇ ವರ್ಷ ಸ್ತ್ರೀಮತಾಧಿಕಾರದ ಮಸೂದೆ ಬಿದ್ದುಹೋದಾಗ ಅದನ್ನು ಬೀಳಿಸಲು ಕೈಗೂಡಿಸಿದವರಲ್ಲಿ ಐರಿಷ್ ರಾಷ್ಟ್ರೀಯ ಪಕ್ಷದ ಸದಸ್ಯರೂ ಇದ್ದರು. ತಮಗೆ ಬೆಂಬಲವಾಗಿದ್ದ ಮಂತ್ರಿಮಂಡಲಕ್ಕೆ ಎಲ್ಲಿ ಧಕ್ಕೆಯಾಗುವುದೋ ಎಂಬುದು ಅವರ ಭಯ. ದೇಶ ಮೊದಲು, ಸ್ತ್ರೀ ಆಮೇಲೆ ಎಂಬ ಉತ್ತರವನ್ನು ಮಾರ್ಗರೆಟ್ ತಮ್ಮ ದೇಶದವರ ಬಾಯಿಂದಲೇ ಕೇಳಿದ್ದರು. ಭಾರತಕ್ಕೆ ಬಂದಾಗ ಈ ಕಹಿ ಅವರ ಮನಸ್ಸಿನಲ್ಲಿ ಇದ್ದೇ ಇದ್ದಿರಬೇಕು.

ದಂಪತಿಗಳು ಆನಿ ಬೆಸೆಂಟರ ಆಹ್ವಾನದ ಮೇಲೆ ೧೯೧೫ರಲ್ಲಿ ಮದರಾಸಿಗೆ ಬಂದರು. ಜೇಮ್ಸರಿಗೆ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ. ಮರುವರ್ಷ ಡಬ್ಲಿನ್ನಿನ ಈಸ್ಟರ್ ದಂಗೆಯನ್ನು ಕುರಿತು ಅವರು ಬರೆದ ಲೇಖನದಿಂದ ಆ ಕೆಲಸ ತಪ್ಪಿ, ಇಬ್ಬರೂ ಮದನಪಲ್ಲಿಯ ಕಾಲೇಜಿಗೆ ಹೋದರು. ೧೯೧೭ರ ಮೇ ತಿಂಗಳಲ್ಲಿ ಅಡ್ಯಾರಿನಲ್ಲಿ ಭಾರತ ಮಹಿಳಾ ಸಂಘ ಹುಟ್ಟಿತು. ಬೆಸೆಂಟರು ಅಧ್ಯಕ್ಷೆ; ಡೊರೊತಿ ಜಿನರಾಜದಾಸ ಮತ್ತು ಮಾರ್ಗರೆಟ್ ಕಸಿನ್ಸ್ ಅದನ್ನು ನಡೆಸಿದವರಲ್ಲಿ ಮುಖ್ಯರು.

ಆ ವರ್ಷದ ಕೊನೆಗೆ ಇಂಡಿಯಾ ಮಂತ್ರಿ ಮಾಂಟೆಗ್ಯು ರಾಜಕೀಯ ಸುಧಾರಣೆಗಳ ವಿಚಾರಣೆಗಾಗಿ ಬಂದರು. ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಕಸಿನ್ಸರು ಮೊದಲು ಸಂದರ್ಶನ ಕೋರಿದುದು ಬಾಲಿಕೆಯರ ವಿದ್ಯಾಭ್ಯಾಸದ ವಿಷಯವಾಗಿ. ರಾಜಕೀಯ ವಿಷಯಗಳಿಗಲ್ಲದೆ ಬೇರಾವುದಕ್ಕೂ ನಿಯೋಗಗಳನ್ನು ಬರಮಾಡಿಕೊಳ್ಳುವುದಿಲ್ಲವೆಂದು ಉತ್ತರ ಬಂದಿತು. ಹಾಗಾದರೆ ರಾಜಕೀಯವನ್ನೇ ಕೇಳೋಣವೆಂದು ಮನವಿಪತ್ರದಲ್ಲಿ ಮತಾಧಿಕಾರದ ಬೇಡಿಕೆ ಸೇರಿತು. ಸರ್ಕಾರದ ಕಚೇರಿಯ ಒಂದು ನಿಯಮವು ಒಂದು ದೇಶದ ಸ್ತ್ರೀಯರ ಬೇಡಿಕೆಗೆ ರೂಪಕೊಟ್ಟ ಉದಾಹರಣೆಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

೧೯೧೭ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ನಿಯೋಗವು ಮಾಂಟೆಗ್ಯುವನ್ನು ಕಂಡಿತು. ಅದರ ಮುಖಂಡತ್ವವನ್ನು ಕಸಿನ್ಸರು ತಾವು ವಹಿಸಲಿಲ್ಲ. ಮಾತನಾಡಿದವರು ಸರೋಜಿನೀ ನಾಯ್ಡು. ಬೆಸೆಂಟರಲ್ಲದೆ ಬೇಗಂ ಹಸರತ್ ಮೊಹಾನಿಯವರೂ ಇದ್ದರು. ಸುಧಾರಣೆಗಳಲ್ಲಿ ‘ಜನತೆ’ ಎಂಬ ಮಾತು ಬಂದಾಗ ಸ್ತ್ರೀಯರೂ ಅದರಲ್ಲಿ ಸೇರಿದವರೆಂದು ಎಣಿಸಬೇಕು, ಪುರುಷರಿಗೆ ಯಾವ ಅರ್ಹತೆಯೋ ಸ್ತ್ರೀಯರಿಗೂ ಅದೇ ಇರಬೇಕು ಎಂಬುದು ಮನವಿಯ ತಿರುಳು. ಮಾಂಟೆಗ್ಯು ತಮ್ಮ ದಿನಚರಿಯಲ್ಲಿ ಕಸಿನ್ಸರನ್ನು ಲಂಡನ್ನಿನ ಮತಾಧಿಕಾರವಾದಿನಿ ಎಂದು ಬರೆದುಕೊಂಡರು. ಆ ಐರಿಷ್ ಮಹಿಳೆಗೆ ಅದು ಪ್ರಿಯವಾಗುವ ಬಿರುದಾಗಿರಲಾರದು.

೧೯೧೮ರ ಸುಧಾರಣಾ ವರದಿಯಲ್ಲಿ ಸ್ತ್ರೀಯರ ಮತದ ಮಾತೇ ಇರಲಿಲ್ಲ. ಸೌತ್‌ಬರೋ ಸಮಿತಿಯು ದೇಶದ ಸಾಮಾಜಿಕ ಸ್ಥಿತಿಯನ್ನು ಮುಂದೊಡ್ಡಿ ಬೇಡಿಕೆಯನ್ನು ತಳ್ಳಿಹಾಕಿತು. ಆದರೆ ಕಾಂಗ್ರೆಸ್ಸು ಹಾಗೆ ಮಾಡಲಿಲ್ಲ. ೧೯೧೮ರ ಮುಂಬಯಿ ವಿಶೇಷ ಅಧಿವೇಶನದಲ್ಲಿಯೇ ಸ್ತ್ರೀಮತಾಧಿಕಾರಕ್ಕೆ ಒಪ್ಪಿಗೆ ಕೊಟ್ಟಿತು. ಐರ್ಲೆಂಡಿಗೂ ಭಾರತಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಅಲ್ಲಿ ಪುರುಷರು ತಮಗೆ ಈಗಾಗಲೇ ಇದ್ದ ಅಧಿಕಾರದಲ್ಲಿ ಪಾಲು ಕೊಡಬೇಕಾಗಿತ್ತು. ಇಲ್ಲಿ ಬಹುಮಂದಿ ಪುರುಷರಿಗೇ ಮತವಿರಲಿಲ್ಲ. ಅಧಿಕಾರ ಇಬ್ಬರಿಗೂ ಪರರ ಕೈಯಲ್ಲಿತ್ತು. ಸ್ತ್ರೀಯರ ಬೇಡಿಕೆ ಸ್ವರಾಜ್ಯದ ಬೇಡಿಕೆಗೆ ಅಡ್ಡಬರದೆ ಅದಕ್ಕೆ ಬಲವನ್ನೇ ಕೊಟ್ಟಿತು. ಬ್ರಿಟಿಷರಿಗಿಂತ ನಾವೇ ಉದಾರಿಗಳೆಂದು ತೋರಿಸುವ ಅವಕಾಶವೂ ನಾಯಕರಿಗೆ ದೊರೆಯಿತು. ಕಸಿನ್ಸರ ಜಾಣ್ಮೆಯಿರುವುದು ಈ ಸಂದರ್ಭವನ್ನು ಗುರುತಿಸಿದುದರಲ್ಲಿ. ಸಂದರ್ಭವನ್ನು ಸೃಷ್ಟಿಸಿದವರು ಅವರಲ್ಲ.

೧೯೧೯ರ ಕಾಯಿದೆ ಪ್ರಶ್ನೆಯನ್ನು ಪ್ರಾಂತಗಳ ಶಾಸನಸಭೆಗಳಿಗೇ ಬಿಟ್ಟಿತು. ಪುರುಷರೇ ತುಂಬಿದ್ದ ಸಭೆಗಳು ಒಂದೊಂದಾಗಿ ಈ ನಿರ್ಬಂಧವನ್ನು ತೆಗೆದುಹಾಕಿದವು. ಮದರಾಸು ಮತ್ತು ಮುಂಬಯಿ ೧೯೨೧ರಲ್ಲಿ ದಾರಿ ತೋರಿಸಿದವು. ಬಂಗಾಳ ೧೯೨೫ರಲ್ಲಿ ಹಿಂಬಾಲಿಸಿತು.

ಕರಾವಳಿಯ ಕನ್ನಡನಾಡಿಗೆ ಈ ಚರಿತ್ರೆಯಲ್ಲಿ ನೇರವಾದ ಪಾತ್ರವಿದೆ. ಕಸಿನ್ಸರು ೧೯೧೯–೨೦ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯಾಧ್ಯಾಪಿಕೆಯಾಗಿದ್ದರು. ಶಾಸನಸಭೆಗೆ ಸ್ಪರ್ಧಿಸುವ ಹಕ್ಕು ೧೯೨೬ರಲ್ಲಿ ಮದರಾಸು ಪ್ರಾಂತದ ಸ್ತ್ರೀಯರಿಗೆ ದೊರೆತಾಗ ಚುನಾವಣೆ ತೀರ ಸಮೀಪಿಸಿತ್ತು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಕಣಕ್ಕಿಳಿಯುವಂತೆ ಒತ್ತಾಯಪಡಿಸಿದವರು ಕಸಿನ್ಸರು. ಕಮಲಾದೇವಿಯವರು ಅಲ್ಪ ಅಂತರದಿಂದ ಸೋತರು. ಆದರೆ ಈ ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂಬ ಸ್ಥಾನ ಅವರದಾಯಿತು. ೧೯೨೭ರ ಜನವರಿಯಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಲನವೂ ಕಸಿನ್ಸರು ದೇಶದಾದ್ಯಂತ ಬರೆದ ಪತ್ರಗಳ ಫಲ. ಆಗಲೂ ಅಧ್ಯಕ್ಷಪೀಠದಲ್ಲಿ ಕುಳಿತವರು ಬಡೋದೆಯ ಮಹಾರಾಣಿ ಚಿಮಣಾಬಾಯಿಯವರು.

೧೯೩೨ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳನ್ನು ಖಂಡಿಸಿ ಮದರಾಸಿನಲ್ಲಿ ಭಾಷಣ ಮಾಡಿ ಕಸಿನ್ಸರು ವೆಲ್ಲೂರು ಸೆರೆಮನೆಗೆ ಹೋದರು. ಮೂರು ದೇಶಗಳ ಸೆರೆಮನೆಗಳನ್ನು ಕಂಡ ಅವರು ಈ ಸಲ ಹೋದುದು ಮತಾಧಿಕಾರಕ್ಕಾಗಿ ಅಲ್ಲ, ಮಾತಿನ ಸ್ವಾತಂತ್ರ್ಯಕ್ಕಾಗಿ. ಭಾರತದ ಸ್ತ್ರೀಯರೇ ಮುಂದೆ ಬರುತ್ತಿರುವಾಗ ತಮ್ಮ ನೇರವಾದ ಭಾಗ ಇನ್ನು ಬೇಕಾಗಿಲ್ಲ, ಬಹುಶಃ ಅಪೇಕ್ಷಣೀಯವೂ ಅಲ್ಲ ಎಂಬ ಭಾವನೆ ತಮಗೆ ಉಂಟಾಯಿತೆಂದು ದಂಪತಿಗಳು ೧೯೫೦ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವರು ಹೇಳಿಕೊಂಡಿದ್ದಾರೆ. ಅದರಲ್ಲಿ ಸ್ವಲ್ಪ ನೋವಿರುವುದನ್ನು ಓದುಗನು ಗಮನಿಸದಿರಲಾರ.

ಈ ವಿಜಯಕ್ಕೆ ಇನ್ನೊಂದು ಮುಖವೂ ಇದೆ. ‘ಪುರುಷರಿಗೆ ಇರುವ ಅರ್ಹತೆಯೇ ಸ್ತ್ರೀಯರಿಗೂ’ ಎಂಬ ಸೂತ್ರವು ನ್ಯಾಯವಾಗಿ ತೋರಿದರೂ, ಆ ಅರ್ಹತೆ ಮುಖ್ಯವಾಗಿ ಆಸ್ತಿ ಮತ್ತು ತೆರಿಗೆಯನ್ನು ಅವಲಂಬಿಸಿತ್ತು. ಆಸ್ತಿ ಸ್ತ್ರೀಯ ಹೆಸರಿನಲ್ಲಿ ಇರುತ್ತಿದ್ದುದು ಎಷ್ಟು ಮನೆಗಳಲ್ಲಿ? ಸಮಾನವಾದ ನಿಯಮ ಅಸಮಾನವಾದ ಫಲವನ್ನೇ ಕೊಟ್ಟಿತು. ೧೯೩೫ರ ಕಾಯಿದೆಯು ಅಕ್ಷರಸ್ಥೆಯರಿಗೂ ಆಸ್ತಿವಂತರ ಪತ್ನಿಯರಿಗೂ ಮತ ಕೊಟ್ಟ ಮೇಲೆಯೂ ಸ್ತ್ರೀಮತದಾರರು ಸುಮಾರು ೬೦ ಲಕ್ಷ. ಪುರುಷರು ಸುಮಾರು ೨ ಕೋಟಿ ೯೦ ಲಕ್ಷ. ಸ್ತ್ರೀಗೆ ಗಂಡನ ಮೂಲಕ ಮತ ಕೊಡುವ ಈ ಕ್ರಮವನ್ನು ಮಹಿಳಾ ಸಂಸ್ಥೆಗಳು ವಿರೋಧಿಸಿ, ವಯಸ್ಕ ಮತಾಧಿಕಾರವನ್ನೇ ಕೇಳಿದ್ದವು. ಅದು ಬಂದುದು ೧೯೫೦ರ ಸಂವಿಧಾನದಲ್ಲಿ.

ಆ ವೇಳೆಗೆ ಕಸಿನ್ಸರು ಹಾಸಿಗೆ ಹಿಡಿದಿದ್ದರು. ೧೯೪೩ರಲ್ಲಿ ಲಕ್ವ ಹೊಡೆದ ಮೇಲೆ ಅವರು ಚೇತರಿಸಿಕೊಳ್ಳಲಿಲ್ಲ; ೧೯೫೪ರ ಮಾರ್ಚಿಯಲ್ಲಿ ತೀರಿಕೊಂಡರು. ಅದಕ್ಕೆ ಮುನ್ನ ೧೯೫೧–೫೨ರ ಮೊದಲ ಮಹಾಚುನಾವಣೆ ನಡೆದುಹೋಗಿತ್ತು. ಮತದಾರರ ಪಟ್ಟಿಯನ್ನು ಸಿದ್ಧಪಡಿಸಲು ಮನೆಮನೆಗೆ ಹೋದ ನೌಕರರಿಗೆ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರನ್ನು ಕೊಡಲಿಲ್ಲ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು ೮ ಕೋಟಿ ಸ್ತ್ರೀಯರಲ್ಲಿ ೨೮ ಲಕ್ಷದಷ್ಟು ಮಂದಿಯನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.