ಹಿತ್ತಿಲ ಸೇವಂತಿಗೆ

ಶಿಕಾರಿಪುರ ಸೀಮೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಶಿಲೆಯ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಅಕ್ಕಮಹಾದೇವಿಯ ಜನ್ಮಸ್ಥಳವಾದ ಉಡುತಡಿಗೆ ನೆರೆಯವೇ ಆದ ಬಳ್ಳಿಗಾವೆ, ತಾಳಗುಂದಗಳ ಶಾಸನಗಳನ್ನು ರೈಸ್ ಮಹಾಶಯರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವಾಗಿ ಪ್ರಕಟಿಸಿದರು. ದೇವರಿಗೆ ಗದ್ದೆ ಬೆದ್ದಲುಗಳೊಡನೆ ಹೂದೋಟವನ್ನೂ ಬಿಟ್ಟು ಅದನ್ನು ಕಲ್ಲಿನಲ್ಲಿ ಬರೆಯಿಸುವುದು ಆ ಕಾಲದ ಸಂಪ್ರದಾಯ. ಆದರೆ ಗೃಹಿಣಿಯ ಹಿತ್ತಿಲಿಗೆ ಶಾಸನ ಹಾಕಿಸಿದ ಅರಸನಿಲ್ಲ. ಸೇವಂತಿಗೆ ಆ ಹಿತ್ತಿಲಿನ ಹೂವು.

ಅದರ ಮೂಲಸ್ಥಾನ ಚೀನ. ಅಲ್ಲಿ ಸಾವಿರದ ಆರುನೂರು ವರ್ಷಗಳ ಹಿಂದೆಯೇ ತಾವೊ ಯುವಾನ್‌ಮಿಂಗ್ ಎಂಬ ಕವಿ ರಾಜಸೇವೆಯನ್ನು ತೊರೆದು ಬಂದು ಇದರ ಸಹವಾಸದಲ್ಲಿ ತೃಪ್ತನಾಗಿದ್ದನು. ಯುರೋಪಿಗಾದರೋ ಬಹಳ ತಡವಾಗಿ, 1789ರಲ್ಲಿ, ಬ್ಲಾಂಕಾರ್ ಎಂಬ ಫ್ರೆಂಚ್ ನಾವಿಕನು ಮೂರು ಬಗೆಗಳನ್ನು ಮಾರ್ಸೇಲಿಗೆ ತಂದನು, ಬದುಕಿದುದು ಒಂದೇ.

ಬೀಜದಿಂದ ಹುಟ್ಟಿದ ಸಸಿ ತಾಯಿಯ ಬಣ್ಣವನ್ನೇ ತಳೆದೀತೆಂಬ ಭರವಸೆಯಿಲ್ಲವಾದುದರಿಂದ, ಹೂವಿನ ಕಾಲ ತೀರಿದ ಮೇಲೆ ಬುಡದಲ್ಲಿ ಏಳುವ ಕಂದುಗಳನ್ನು ಬೇರುಸಹಿತ ಬಿಡಿಸಿ, ಒಂದನ್ನು ತಮಗಿಟ್ಟುಕೊಂಡು ಮತ್ತೊಂದನ್ನು ನೆರೆಯವಳಿಗೋ ತವರಿಗೆ ಬಂದ ಮಗಳಿಗೋ ಕೊಡುವುದೇ ಇದರ ವಂಶೋದ್ಧಾರದ ಕ್ರಮವಾಯಿತು. ಹಾಗಾಗಿ ಇಂದಿನ ಗಿಡವು ಮುತ್ತಜ್ಜಿಯ ಗಿಡದ ಸಂತತಿಯೆನ್ನುವುದಕ್ಕಿಂತ ಆ ಗಿಡದ ಶರೀರವೇ ಎನ್ನುವುದು ಹೆಚ್ಚು ಸರಿ. ತಾಮ್ರಪಟಕ್ಕೂ ಇಷ್ಟು ನಿಷ್ಠೆಯ ಪ್ರತಿಯಿಲ್ಲ.

ಮಲೆನಾಡಿನ ಸೆರಗಿನ ಈ ನೆಲದಲ್ಲಿ ಅದನ್ನು ಕಾಯುವುದು ಮಾತ್ರ ಸುಲಭವಲ್ಲ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕಾಗಿ ಮಡಿಯನ್ನು ಎತ್ತರಿಸಿ, ಹಳೆಯ ಗೊಬ್ಬರ ಬೆರೆಸಿ, ಎಳೆಯ ತುದಿಯನ್ನು ಚಿವುಟಿ ಕವಲೊಡೆಯಿಸಬೇಕು. ಚಿವುಟಲು ಮನಸ್ಸು ಬಾರದವರಿಗೆ ಉದ್ದನೆಯ ಕಡ್ಡಿಯೂ ನಾಲ್ಕು ಹೂವೂ ದಕ್ಕುವುವು. ಇರುಳು ದೀರ್ಘವಾದಲ್ಲದೆ ಮೊಗ್ಗು ಮೂಡದು. ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಹಗಲಿರುಳಿನ ಈ ಶಾಸನವನ್ನು 1920ರಲ್ಲಿ ಲೋಕಕ್ಕೆ ತಿಳಿಸಿದರು. ಇಲ್ಲಿನ ಹೆಂಗಸರು ಭೂಮಿ ಹುಣ್ಣಿಮೆಯ, ದೀಪಾವಳಿಯ ಲೆಕ್ಕದಲ್ಲಿ ಅದನ್ನೇ ನಡೆಸಿಕೊಂಡು ಬಂದಿದ್ದರು.

ಅಕ್ಕನ ಜಯಂತಿ ಬರುವುದು ಚೈತ್ರದ ದವನದ ಹುಣ್ಣಿಮೆಗೆ. ಆಗ ಸೇವಂತಿಗೆಯಲ್ಲಿ ಬರಿಯ ಎಲೆ. ಆದರೂ ದವನವು ಅದಕ್ಕೆ ಪರಕೀಯವಲ್ಲ, ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಟುಂಬದವು. ಚೀನದ ತೋಟಗಾರರು ದವನದ ಬಂಧುವಾದ ಮಾಚಿಪತ್ರೆಯ ಜಾತಿಯ ಗಿಡಗಳಿಗೆ ಸೇವಂತಿಗೆಯನ್ನು ಕಸಿ ಕಟ್ಟಿ ಒಂದೇ ಕಾಂಡದ ಮೇಲೆ ನೂರಾರು ಹೂಗಳನ್ನು ಅರಳಿಸುತ್ತಾರೆ. ನಮ್ಮ ಹಿತ್ತಿಲಿಗೆ ಆ ಆಡಂಬರ ಬೇಕಾಗಲಿಲ್ಲ. ಮುಡಿಗೂ ದೇವರಿಗೂ ಹೊಸಿಲಿಗೂ ಸಾಲುವಷ್ಟು ಹೂವನ್ನು ಕಂದುಗಳೇ ಕೊಡುತ್ತಿದ್ದವು.